ಬರೆದಿಡದ ಲೆಕ್ಕ

ಮಕ್ಕಳೇ, ಹೊಳಲ್ಕೆರೆಯ ಮುದ್ದೆ-ಸಾರಿಗೆ ಒಗ್ಗಿದ ನಾಲಿಗೆ ನನ್ನದು. ಹೋದ ತಿಂಗಳು ಬೆಂಗಳೂರಿನಲ್ಲಿ ಮೊಮ್ಮಗಳು ನನ್ನನ್ನು ಕೊರಿಯಾದ ಕುಟುಂಬವೊಂದು ನಡೆಸುವ ಪುಟ್ಟ ಹೋಟೆಲಿಗೆ ಕರೆದೊಯ್ದಳು. ಅನ್ನದ ಮೇಲೆ ತರಕಾರಿ ಜೋಡಿಸಿದ ಬಿಬಿಂಬಾಪ್ ಬಂತು. ಖಾರದ ಗೊಜ್ಜು ಹಾಕಿ ಕಲಸಿಕೊಂಡೆ, ರುಚಿಸಿತು.

ಪಕ್ಕದಲ್ಲಿ ಕಿಮ್ಚಿ. ಉಪ್ಪು ಹಾಕಿದ ಎಲೆಕೋಸಿಗೆ ಮೆಣಸಿನಪುಡಿ, ಶುಂಠಿ, ಬೆಳ್ಳುಳ್ಳಿ ಹಚ್ಚಿ ಹುಳಿ ಬರಿಸುತ್ತಾರೆ. ಮೀನಿನ ರಸ ಸೇರಿಸುವುದೂ ಉಂಟು. ನಮಗೆ ಅದಿಲ್ಲದ್ದನ್ನು ಕೊಟ್ಟರು. ಚಳಿಗಾಲಕ್ಕೆ ಮುಂಚೆ ಮನೆಮಂದಿಯೆಲ್ಲ ಕೂಡಿ ಕಿಮ್ಚಿ ಹಾಕುವ ಪದ್ಧತಿಯನ್ನು ಯುನೆಸ್ಕೊ 2013ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿದೆ.

“ಅಜ್ಜಿ ಉಪ್ಪಿನಕಾಯಿ ಹೇಗೆ ಹಾಕ್ತಿದ್ರು ಅಜ್ಜ?” ಎಂದಳು ಮೊಮ್ಮಗಳು.

ನಲವತ್ತು ವರ್ಷ ತಿಂದವನಿಗೆ ಉಪ್ಪೆಷ್ಟು, ಸಾಸಿವೆ ಎಷ್ಟು ಗೊತ್ತಿಲ್ಲ! ಬ್ಯಾಂಕಿನಲ್ಲಿ ಪೈಸೆ ಪೈಸೆ ಲೆಕ್ಕ ಬರೆದವನು ಅವಳಿದ್ದಾಗ ಇದನ್ನು ಕೇಳಲೇ ಇಲ್ಲ.

ಮಕ್ಕಳೇ, ನಿಮ್ಮ ಅಜ್ಜಿಯನ್ನು ಇವತ್ತೇ ಕೇಳಿ, ಬರೆದಿಟ್ಟುಕೊಳ್ಳಿ.