ಅಳತೆಗೆ ಸಿಗುವ ತೋಳು, ಅಳತೆಗೆ ಸಿಗದ ಆಟ

ಅಮೆರಿಕದ ವೃತ್ತಿಪರ ಫುಟ್ಬಾಲ್ ಲೀಗ್ ಎನ್‌ಎಫ್‌ಎಲ್‌ನ ಆಯ್ಕೆಗಾರರು 2013ರ ಏಪ್ರಿಲ್ 25ರ ರಾತ್ರಿಯನ್ನು ಸುಲಭವಾಗಿ ಮರೆಯಲಾರರು. ಅಂದು ನ್ಯೂಯಾರ್ಕ್‌ನಲ್ಲಿ ನಡೆದ ಡ್ರಾಫ್ಟ್‌ನ ಮೊದಲ ಹನ್ನೊಂದು ಆಯ್ಕೆಗಳಲ್ಲಿ ಆರು ಮಂದಿ ಒಂದೇ ಬಗೆಯ ಆಟಗಾರರಾಗಿದ್ದರು. ಚೆಂಡನ್ನು ಎಸೆಯದ, ಹಿಡಿಯದ, ಹೊತ್ತು ಓಡದ ದೈತ್ಯದೇಹಿಗಳು ಅವರು. ಮೊದಲನೆಯವರಾಗಿ ಎರಿಕ್ ಫಿಶರ್, ಎರಡನೆಯವರಾಗಿ ಲ್ಯೂಕ್ ಜೋಕೆಲ್, ನಾಲ್ಕನೆಯವರಾಗಿ ಲೇನ್ ಜಾನ್ಸನ್ ಆಯ್ಕೆಯಾದರು. ಈ ಮೂವರ ನಡುವಿನ ಅಂತರ ಕೂದಲೆಳೆಯಷ್ಟೇ ಎಂಬುದು ಆಗಿನ ಸಾಮಾನ್ಯ ಅಭಿಪ್ರಾಯವಾಗಿತ್ತು.

ಕಾಲ ಕೊಟ್ಟ ತೀರ್ಪೇ ಬೇರೆ. ಜೋಕೆಲ್ 2017ರ ಋತುವಿನ ನಂತರ ಲೀಗ್‌ನಲ್ಲಿ ಆಡಲಿಲ್ಲ. ಫಿಶರ್ ನಂಬಿಕಸ್ಥ ಆಟಗಾರರಾದರು. ಆದರೆ ಆ ಪೀಳಿಗೆಯ ಶ್ರೇಷ್ಠ ಎನಿಸಿಕೊಳ್ಳಲಿಲ್ಲ. ಜಾನ್ಸನ್ ಫಿಲಡೆಲ್ಫಿಯಾ ಈಗಲ್ಸ್ ತಂಡದೊಂದಿಗೆ ಎರಡು ಸೂಪರ್ ಬೌಲ್ ಗೆದ್ದರು. ಅದೇ ವರ್ಷ ಮೂರನೆಯ ಸುತ್ತಿನವರೆಗೆ ಕಾದು 75ನೆಯವರಾಗಿ ಆಯ್ಕೆಯಾದ ಟೆರನ್ ಆರ್ಮ್‌ಸ್ಟೆಡ್, ನಾಲ್ಕನೆಯ ಸುತ್ತಿನಲ್ಲಿ 109ನೆಯವರಾಗಿ ಆಯ್ಕೆಯಾದ ಡೇವಿಡ್ ಬಖ್ತಿಯಾರಿ ಮುಂದೆ ಲೀಗ್‌ನ ಅತ್ಯುತ್ತಮ ಎಡ ಟ್ಯಾಕಲ್‌ಗಳ ಸಾಲಿಗೆ ಸೇರಿದರು. 32 ತಂಡಗಳ ಶೋಧಕರು, ಗಂಟೆಗಟ್ಟಲೆ ದೃಶ್ಯಾವಳಿ, ವೈದ್ಯರ ವರದಿ, ಅಂಗುಲದ ಎಂಟನೆಯ ಒಂದು ಭಾಗದವರೆಗಿನ ಅಳತೆ ಎಲ್ಲವೂ ಇದ್ದೂ ಲೆಕ್ಕ ತಪ್ಪಿದ್ದು ಎಲ್ಲಿ? ಪ್ರತಿ ವರ್ಷ ಡ್ರಾಫ್ಟ್ ಸಮೀಪಿಸುತ್ತಿದ್ದಂತೆ ಕೇಳಿಬರುವ ಪ್ರಶ್ನೆ ಇದು.

ಕಾಣದ ಕೆಲಸ

ಲೈನ್‌ಮನ್ ಎಂದರೆ ನಮ್ಮಲ್ಲಿ ವಿದ್ಯುತ್ ಕಂಬ ಹತ್ತುವವರ ನೆನಪಾಗುತ್ತದೆ. ಅಮೆರಿಕನ್ ಫುಟ್ಬಾಲ್‌ನಲ್ಲಿ ಅದರ ಅರ್ಥವೇ ಬೇರೆ. ಚೆಂಡು ಹೊಂದಿರುವ ತಂಡದ ಹನ್ನೊಂದು ಮಂದಿಯಲ್ಲಿ ಐವರು ಮುಂಚೂಣಿಯಲ್ಲಿ ಗೋಡೆಯಂತೆ ನಿಲ್ಲುತ್ತಾರೆ. ನಡುವೆ ಸೆಂಟರ್, ಅವನ ಎಡಬಲಕ್ಕೆ ಇಬ್ಬರು ಗಾರ್ಡ್‌ಗಳು, ಎರಡು ತುದಿಗಳಲ್ಲಿ ಇಬ್ಬರು ಟ್ಯಾಕಲ್‌ಗಳು. ಇದೇ ಅಫೆನ್ಸಿವ್ ಲೈನ್. ಓಟಗಾರನಿಗೆ ದಾರಿ ಬಿಡಿಸುವುದು, ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನ ಮೈಗೆ ಎದುರಾಳಿ ತಾಗದಂತೆ ತಡೆಯುವುದು ಇವರ ಕೆಲಸ.

ಈ ಕೆಲಸದ ಬೆಲೆ ತಿಳಿಯುವುದು ಅದು ಕೆಟ್ಟಾಗಲೇ. 1985ರ ನವೆಂಬರ್ 18ರಂದು ವಾಷಿಂಗ್ಟನ್ ತಂಡದ ಕ್ವಾರ್ಟರ್‌ಬ್ಯಾಕ್ ಜೋ ಥೈಸ್ಮನ್ ಅವರ ಕಾಲು ನ್ಯೂಯಾರ್ಕ್ ಜೈಂಟ್ಸ್‌ನ ಲಾರೆನ್ಸ್ ಟೇಲರ್ ದಾಳಿಯಲ್ಲಿ ಮುರಿಯಿತು. ದೂರದರ್ಶನದ ಮುಂದೆ ಕುಳಿತಿದ್ದ ಇಡೀ ದೇಶ ಅದನ್ನು ಕಂಡಿತು. ಥೈಸ್ಮನ್ ವೃತ್ತಿಜೀವನ ಅಲ್ಲಿಗೆ ಮುಗಿಯಿತು. ಬಲಗೈಯಿಂದ ಎಸೆಯುವವನಿಗೆ ಎಡಬದಿ ಕಾಣುವುದಿಲ್ಲ; ಅಲ್ಲಿ ಕಾವಲು ನಿಲ್ಲುವ ಎಡ ಟ್ಯಾಕಲ್‌ನ ಬೆಲೆ ಏರುತ್ತ ಹೋದ ಕಥೆಯನ್ನು ಮೈಕೆಲ್ ಲೂಯಿಸ್ 2006ರ ತಮ್ಮ ‘ದ ಬ್ಲೈಂಡ್ ಸೈಡ್’ ಪುಸ್ತಕದಲ್ಲಿ ವಿವರಿಸಿದ್ದಾರೆ. 2021ರ ಫೆಬ್ರುವರಿಯ ಸೂಪರ್ ಬೌಲ್ ಇನ್ನೊಂದು ನಿದರ್ಶನ. ಗಾಯಗೊಂಡ ಫಿಶರ್ ಸೇರಿದಂತೆ ಎರಡೂ ತುದಿಗಳ ಖಾಯಂ ಟ್ಯಾಕಲ್‌ಗಳಿಲ್ಲದೆ ಇಳಿದ ಕ್ಯಾನ್ಸಸ್ ಸಿಟಿ ತಂಡದ ಪ್ಯಾಟ್ರಿಕ್ ಮಹೋಮ್ಸ್ ಪಂದ್ಯದುದ್ದಕ್ಕೂ ಬೆನ್ನಟ್ಟಿದವರಿಂದ ತಪ್ಪಿಸಿಕೊಳ್ಳುವುದರಲ್ಲೇ ಹೈರಾಣಾದರು. ತಂಡ 31-9ರಿಂದ ಸೋತಿತು.

ಇಂಥ ಆಟಗಾರರನ್ನು ಕಾಲೇಜುಗಳಿಂದ ಆಯ್ದುಕೊಳ್ಳುವ ವ್ಯವಸ್ಥೆಯೇ ಡ್ರಾಫ್ಟ್. ಐಪಿಎಲ್ ಹರಾಜಿನಂತೆ ಇಲ್ಲಿ ಹಣದ ಕೂಗಾಟವಿಲ್ಲ. ಹಿಂದಿನ ಋತುವಿನಲ್ಲಿ ಹಿಂದೆ ಬಿದ್ದ ತಂಡಕ್ಕೆ ಮೊದಲ ಸರದಿ. ಹೀಗೆ ಏಳು ಸುತ್ತುಗಳಲ್ಲಿ ಸುಮಾರು 250 ಮಂದಿಗೆ ಅವಕಾಶ. ಆಯ್ಕೆ ತಪ್ಪಿದರೆ ಒಂದು ಸರದಿ ವ್ಯರ್ಥವಾದಂತೆ. ಅದು ಮರಳಿ ಬಾರದು.

ಅರ್ಧ ಅಂಗುಲದ ಜಗಳ

ಪರೀಕ್ಷೆಯ ಬಹಿರಂಗ ಭಾಗ ಇಂಡಿಯಾನಾಪೊಲಿಸ್‌ನಲ್ಲಿ ನಡೆಯುವ ‘ಕಂಬೈನ್’ ಶಿಬಿರ. ಎತ್ತರ, ತೂಕ, ಅಂಗೈ, ತೋಳಿನ ಉದ್ದ ಅಳೆಯುತ್ತಾರೆ. 40 ಗಜ ಓಡಿಸುತ್ತಾರೆ. 225 ಪೌಂಡ್, ಅಂದರೆ ಸುಮಾರು 102 ಕೆ.ಜಿ. ಭಾರವನ್ನು ಬೆಂಚಿನ ಮೇಲೆ ಮಲಗಿ ಎಷ್ಟು ಬಾರಿ ಎತ್ತಬಲ್ಲರು ಎಂದು ಎಣಿಸುತ್ತಾರೆ.

ಟ್ಯಾಕಲ್‌ಗಳ ವಿಷಯದಲ್ಲಿ ಹೆಚ್ಚು ಚರ್ಚೆಯಾಗುವುದು ತೋಳಿನ ಉದ್ದ. 34 ಅಂಗುಲ ಇದ್ದರೆ ಉತ್ತಮ, 33ಕ್ಕಿಂತ ಕಡಿಮೆಯಾದರೆ ಗಾರ್ಡ್ ಸ್ಥಾನಕ್ಕೆ ತಳ್ಳಬೇಕು ಎಂಬುದು ಅನೇಕ ತಂಡಗಳ ಅಲಿಖಿತ ನಿಯಮ. ಇದಕ್ಕೆ ತರ್ಕವಿದೆ. ಎರಡು ದೇಹಗಳು ಎದುರಾದಾಗ ಮೊದಲು ಎದೆಗೆ ಕೈ ತಾಗಿಸಿದವನದೇ ಮೇಲುಗೈ. ತೆರೆದ ಬದಿಯಲ್ಲಿ ಒಂಟಿಯಾಗಿ ನಿಲ್ಲುವ ಟ್ಯಾಕಲ್‌ಗೆ ಗಿಡ್ಡ ತೋಳು ನಿಜವಾಗಿಯೂ ತೊಡಕು.

ಆದರೆ ನಿಯಮವನ್ನು ಗೆರೆಯಂತೆ ಎಳೆದರೆ ಜೋ ಥಾಮಸ್ ಅಂಥವರು ಗೆರೆಯ ಆಚೆ ಉಳಿಯುತ್ತಾರೆ. 2007ರಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಮೂರನೆಯವರಾಗಿ ಆರಿಸಿದ ಅವರ ತೋಳು ಸುಮಾರು 32.5 ಅಂಗುಲ. ಡ್ರಾಫ್ಟ್ ದಿನ ನ್ಯೂಯಾರ್ಕ್ ವೇದಿಕೆಗೆ ಹೋಗದೆ ತಂದೆಯೊಂದಿಗೆ ಮೀನು ಹಿಡಿಯಲು ಹೊರಟಿದ್ದ ಈ ಎಡ ಟ್ಯಾಕಲ್, ಮುಂದೆ ಸತತ 10,363 ಆಟಗಳಲ್ಲಿ ಒಂದನ್ನೂ ತಪ್ಪಿಸದೆ ನಿಂತರು. 2023ರಲ್ಲಿ ಹಾಲ್ ಆಫ್ ಫೇಮ್ ಗೌರವಕ್ಕೆ ಪಾತ್ರರಾದರು. ಗಿಡ್ಡ ತೋಳಿನ ಕೊರತೆಯನ್ನು ಅವರು ಪಾದಗಳ ಶಿಸ್ತಿನಿಂದ ತುಂಬಿಕೊಂಡರು.

2025ರಲ್ಲಿ ಇದೇ ವಾದ ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ ವಿಲ್ ಕ್ಯಾಂಪ್‌ಬೆಲ್ ಸುತ್ತ ಮರುಕಳಿಸಿತು. ಕಂಬೈನ್‌ನಲ್ಲಿ 32 ಮತ್ತು ಐದು ಎಂಟನೆಯ ಅಂಗುಲ ಇದ್ದ ಅವರ ತೋಳು, ವಿಶ್ವವಿದ್ಯಾಲಯದ ಅಂಗಳದಲ್ಲಿ ಮತ್ತೆ ಅಳೆದಾಗ 33 ಅಂಗುಲವಾಯಿತು. ತೋಳು ಬೆಳೆದಿರಲಿಲ್ಲ, ಅಳತೆ ಬದಲಾಗಿತ್ತು. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಅವರನ್ನು ನಾಲ್ಕನೆಯವರಾಗಿ ಆರಿಸಿ ಎಡ ಟ್ಯಾಕಲ್ ಸ್ಥಾನದಲ್ಲೇ ನಿಲ್ಲಿಸಿತು. ಈ ಅರ್ಧ ಅಂಗುಲದ ಚರ್ಚೆಯ ಹಿಂದೆ ಬದುಕಿನ ಲೆಕ್ಕವೂ ಇದೆ. ಟ್ಯಾಕಲ್‌ಗಳಿಗೆ ಸಾಮಾನ್ಯವಾಗಿ ಗಾರ್ಡ್‌ಗಳಿಗಿಂತ ಹೆಚ್ಚಿನ ಸಂಭಾವನೆ ದೊರೆಯುವುದರಿಂದ, ಅಳತೆಪಟ್ಟಿಯ ಒಂದು ಗೆರೆ ಯುವಕನೊಬ್ಬನ ಆದಾಯವನ್ನೇ ಬದಲಿಸಬಲ್ಲದು.

ಉಳಿದ ಪರೀಕ್ಷೆಗಳ ಮಾತೂ ಅಷ್ಟೆ. ಲೈನ್‌ಮನ್ ಪಂದ್ಯದಲ್ಲಿ 40 ಗಜ ನೇರ ಓಡುವ ಸಂದರ್ಭ ಅಪರೂಪ. ಹೀಗಾಗಿ ಅನುಭವಿಗಳು ಮೊದಲ ಹತ್ತು ಗಜದ ವೇಗವನ್ನಷ್ಟೇ ಗುರುತಿಸಿಕೊಳ್ಳುತ್ತಾರೆ. ಭಾರ ಎತ್ತುವ ಪರೀಕ್ಷೆಯಲ್ಲಂತೂ ಉದ್ದ ತೋಳಿನವನು ಭಾರವನ್ನು ಹೆಚ್ಚು ದೂರ ಒಯ್ಯಬೇಕಾಗುತ್ತದೆ. ಒಂದು ಪರೀಕ್ಷೆ ಮೆಚ್ಚುವ ದೇಹವನ್ನೇ ಇನ್ನೊಂದು ದಂಡಿಸುತ್ತದೆ.

ಅಂಕಿಗಳಿಗೆ ಮರುಳಾದರೆ ಏನಾಗುತ್ತದೆ ಎಂಬುದಕ್ಕೆ 1989ರ ಡ್ರಾಫ್ಟ್ ಸಾಕ್ಷಿ. ಮಿಷಿಗನ್ ಸ್ಟೇಟ್‌ನ ಟೋನಿ ಮ್ಯಾಂಡರಿಚ್ ಅವರ ಗಾತ್ರ ಮತ್ತು ವೇಗಕ್ಕೆ ಬೆರಗಾದ ಗ್ರೀನ್ ಬೇ ಪ್ಯಾಕರ್ಸ್ ಅವರನ್ನು ಎರಡನೆಯವರಾಗಿ ಆರಿಸಿತು. ಮೊದಲ ಐವರಲ್ಲಿ ಉಳಿದ ನಾಲ್ವರಾದ ಟ್ರಾಯ್ ಐಕ್‌ಮನ್, ಬ್ಯಾರಿ ಸ್ಯಾಂಡರ್ಸ್, ಡೆರಿಕ್ ಥಾಮಸ್, ಡಿಯಾನ್ ಸ್ಯಾಂಡರ್ಸ್ ಹಾಲ್ ಆಫ್ ಫೇಮ್ ಸೇರಿದರು. ಮ್ಯಾಂಡರಿಚ್ ಕೆಲವೇ ವರ್ಷಗಳಲ್ಲಿ ತಂಡದಿಂದ ಹೊರಬಿದ್ದರು. ಕಾಲೇಜು ದಿನಗಳಲ್ಲಿ ಸ್ಟೀರಾಯ್ಡ್ ಬಳಸಿದ್ದಾಗಿ 2008ರಲ್ಲಿ ಅವರೇ ಒಪ್ಪಿಕೊಂಡರು.

ದೃಶ್ಯಾವಳಿ ಹೇಳುವುದೇನು?

ಬ್ಯಾಟ್ಸ್‌ಮನ್‌ಗೆ ರನ್ ಇದೆ, ಬೌಲರ್‌ಗೆ ವಿಕೆಟ್ ಇದೆ. ಲೈನ್‌ಮನ್‌ಗೆ ಅಂಥ ಅಂಕಿ ಇಲ್ಲ. ಅವನ ಯಶಸ್ಸು ಎಂದರೆ ಏನೂ ಸಂಭವಿಸದಿರುವುದು. ಆದ್ದರಿಂದ ಕಾಲೇಜು ಪಂದ್ಯಗಳ ದೃಶ್ಯಾವಳಿಯನ್ನು ಒಂದೊಂದೇ ಆಟವಾಗಿ ನೋಡದೆ ಗತ್ಯಂತರವಿಲ್ಲ.

ನುರಿತ ಶೋಧಕರು ಗೆಲುವಿಗಿಂತ ಸೋಲನ್ನು ಹೆಚ್ಚು ಗಮನಿಸುತ್ತಾರೆ. ಎದುರಾಳಿ ಒಮ್ಮೆ ತಪ್ಪಿಸಿಕೊಂಡಾಗ ಪಾದ ಹೇಗೆ ಚೇತರಿಸಿಕೊಂಡಿತು, ಸೊಂಟ ಬಗ್ಗಿತೇ ಇಲ್ಲವೇ ಬೆನ್ನು ಬಗ್ಗಿತೇ, ಮೈಮೇಲೆ ಬಿದ್ದ ಭಾರವನ್ನು ಎಷ್ಟು ಹೆಜ್ಜೆ ಹಿಂದೆ ಸರಿದು ತಡೆದರು, ಇಬ್ಬರು ದಾಳಿಕೋರರು ಸ್ಥಾನ ಅದಲು ಬದಲು ಮಾಡಿಕೊಂಡಾಗ ಪಕ್ಕದವನೊಂದಿಗೆ ಹೊಣೆ ಹೇಗೆ ಹಂಚಿಕೊಂಡರು ಎಂಬುದೆಲ್ಲ ಅಲ್ಲಿ ಕಾಣುತ್ತದೆ.

ಆದರೆ ದೃಶ್ಯಾವಳಿಗೂ ಮಿತಿಯಿದೆ. ಕಾಲೇಜು ಆಟ ಮತ್ತು ವೃತ್ತಿಪರ ಆಟ ಒಂದೇ ಅಲ್ಲ. ಮುನ್ನಡೆ ಎಸೆತದ ವೇಳೆ ಲೈನ್‌ಮನ್ ಕಾಲೇಜಿನಲ್ಲಿ ಮೂರು ಗಜದವರೆಗೆ ಮುಂದೆ ಹೋಗಬಹುದು. ಎನ್‌ಎಫ್‌ಎಲ್‌ನಲ್ಲಿ ಒಂದೇ ಗಜ. ಈ ಸಡಿಲಿಕೆಯಿಂದಾಗಿ ಓಟವೋ ಎಸೆತವೋ ಎಂದು ಎದುರಾಳಿಯನ್ನು ಗೊಂದಲಕ್ಕೆ ಕೆಡಹುವ ತಂತ್ರಗಳು ಕಾಲೇಜುಗಳಲ್ಲಿ ಹೇರಳ. ಚೆಂಡು ಕ್ಷಣಾರ್ಧದಲ್ಲಿ ಕೈ ಬಿಟ್ಟು ಹೋಗುವ ಇಂಥ ಪದ್ಧತಿಯಲ್ಲಿ ಹಿಂದೆ ಸರಿಯುತ್ತಲೇ ಮೂರು ಸೆಕೆಂಡ್ ಕಾಲ ಒಬ್ಬಂಟಿಯಾಗಿ ತಡೆಯಬೇಕಾದ ಪ್ರಸಂಗಗಳು ಕಡಿಮೆ. ಹಾಗಾಗಿ ಜಾಣ ಆಯ್ಕೆಗಾರರು ಅಂಥ ಕೆಲವೇ ಆಟಗಳನ್ನು ಬೇರ್ಪಡಿಸಿ, ಅವೂ ಬಲಿಷ್ಠ ಎದುರಾಳಿಯ ವಿರುದ್ಧ ಆಡಿದ್ದೇ ಎಂದು ಪರಿಶೀಲಿಸುತ್ತಾರೆ. ಅಲಬಾಮಾದ ಮೊಬೈಲ್ ನಗರದಲ್ಲಿ ನಡೆಯುವ ಸೀನಿಯರ್ ಬೌಲ್‌ನ ಅಭ್ಯಾಸ ದಿನಗಳಿಗೆ ಮಹತ್ವ ಬಂದಿರುವುದೂ ಇದರಿಂದಲೇ. ಸಣ್ಣ ಕಾಲೇಜಿನವನು ದೊಡ್ಡ ಕಾಲೇಜಿನ ದಾಳಿಕೋರನನ್ನು ಅಲ್ಲಿ ಮುಖಾಮುಖಿ ಎದುರಿಸುತ್ತಾನೆ.

ಸಾರ್ವಜನಿಕರಿಗೆ ಕಾಣದ ಇನ್ನೆರಡು ಪರೀಕ್ಷೆಗಳಿವೆ. ಒಂದು ವೈದ್ಯಕೀಯ ತಪಾಸಣೆ, 140 ಕೆ.ಜಿ. ತೂಗುವವನ ಮೊಣಕಾಲು, ಭುಜ, ಬೆನ್ನು ಎಷ್ಟು ವರ್ಷ ತಾಳೀತು ಎಂಬ ಅಂದಾಜು. ಇನ್ನೊಂದು ಸಂದರ್ಶನ, ಫಲಕದ ಮೇಲೆ ಎದುರಾಳಿಯ ವ್ಯೂಹ ಬರೆದು, ಇಲ್ಲಿ ನಿನ್ನ ಕೆಲಸವೇನು, ಪಕ್ಕದವನ ಕೆಲಸವೇನು ಎಂದು ಕೇಳುತ್ತಾರೆ. ಪಕ್ಕದವನ ಕೆಲಸ ಗೊತ್ತಿಲ್ಲದವನು ತನ್ನ ಕೆಲಸವನ್ನೂ ಪೂರ್ತಿ ಮಾಡಲಾರ.

ಆಯ್ಕೆಯ ನಂತರದ ಆಯ್ಕೆ

2013ರ ಪ್ರಶ್ನೆಗೆ ಮರಳಿದರೆ, ಉತ್ತರದ ಒಂದು ಭಾಗ ಅಳತೆ, ದೃಶ್ಯಾವಳಿ ಎರಡರ ಆಚೆಯೂ ಇದೆ. ಕಾಲೇಜಿನಲ್ಲಿ ಎಡಬದಿ ಆಡಿದ್ದ ಜೋಕೆಲ್ ಅವರನ್ನು ಜಾಕ್ಸನ್‌ವಿಲ್ ಮೊದಲು ಬಲಬದಿಗೆ ಹಾಕಿತು. ಋತುವಿನ ನಡುವೆ ಎಡಕ್ಕೆ ಬಂದ ಅವರು ಆ ಸ್ಥಾನದ ಮೊದಲ ಪಂದ್ಯದಲ್ಲೇ ಕಣಕಾಲು ಮುರಿದುಕೊಂಡರು. ಕೊನೆಗೆ ಗಾರ್ಡ್ ಆದರು. ಇದರಲ್ಲಿ ಆಟಗಾರನ ಕೊರತೆ ಎಷ್ಟು, ತಂಡದ ಕೊರತೆ ಎಷ್ಟು, ದುರದೃಷ್ಟದ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ.

ಅತ್ತ ಜಾನ್ಸನ್ ಅವರ ಹಿನ್ನೆಲೆ ಹೆಚ್ಚು ಅನಿಶ್ಚಿತವಾಗಿತ್ತು. ಜೂನಿಯರ್ ಕಾಲೇಜಿನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದ ಅವರು ಒಕ್ಲಹಾಮಾದಲ್ಲಷ್ಟೇ ಟ್ಯಾಕಲ್ ಆದವರು. ಅವರು ಈಗಲ್ಸ್ ಸೇರಿದ ವರ್ಷವೇ ಜೆಫ್ ಸ್ಟೌಟ್‌ಲ್ಯಾಂಡ್ ಆ ತಂಡದ ಲೈನ್ ತರಬೇತುದಾರರಾಗಿ ಬಂದರು. ಅದೇ ಗರಡಿಯಲ್ಲಿ ಸೆಂಟರ್ ಜೇಸನ್ ಕೆಲ್ಸಿ ಇದ್ದರು. 2011ರಲ್ಲಿ ದೇಹ ಚಿಕ್ಕದೆಂಬ ಕಾರಣಕ್ಕೆ ಆರನೆಯ ಸುತ್ತಿನವರೆಗೆ ಉಳಿದು 191ನೆಯವರಾಗಿ ಬಂದವರು. 2018ರಲ್ಲಿ ಏಳನೆಯ ಸುತ್ತಿನಲ್ಲಿ 233ನೆಯವರಾಗಿ ಬಂದ ಆಸ್ಟ್ರೇಲಿಯಾದ ಜೋರ್ಡನ್ ಮೈಲಾಟಾ ಅವರಂತೂ ರಗ್ಬಿ ಆಟಗಾರ. ಅಮೆರಿಕನ್ ಫುಟ್ಬಾಲ್ ಪಂದ್ಯ ಆಡಿಯೇ ಇರಲಿಲ್ಲ. ಎರಡು ಋತು ಒಂದೂ ಪಂದ್ಯವಾಡದೆ ಕಲಿತ ಅವರು 2020ರಲ್ಲಿ ಕಣಕ್ಕಿಳಿದು ಎಡ ಟ್ಯಾಕಲ್ ಸ್ಥಾನವನ್ನು ತಮ್ಮದಾಗಿಸಿಕೊಂಡರು. ನಾಲ್ಕನೆಯ, 191ನೆಯ, 233ನೆಯ ಆಯ್ಕೆಗಳು ಒಂದೇ ಸಾಲಿನಲ್ಲಿ ನಿಂತು 2023ರ ಫೆಬ್ರುವರಿಯ ಸೂಪರ್ ಬೌಲ್ ಆಡಿದವು.

ಕಲಿಸುವ ಈ ಕಾಲಾವಕಾಶ ಇಂದು ಎಲ್ಲ ತಂಡಗಳಿಗೂ ದುಬಾರಿ. 2011ರ ಕಾರ್ಮಿಕ ಒಪ್ಪಂದ ಪೂರ್ಣ ಕವಚ ಧರಿಸಿದ ಅಭ್ಯಾಸವನ್ನು ಋತುವಿಗೆ 14ಕ್ಕೆ ಮಿತಗೊಳಿಸಿತು. ಆಟಗಾರರ ಆರೋಗ್ಯದ ದೃಷ್ಟಿಯಿಂದ ಇದು ಸ್ವಾಗತಾರ್ಹ. ಆದರೆ ಮೈಗೆ ಮೈ ತಾಗಿಯೇ ಕಲಿಯಬೇಕಾದ ಲೈನ್‌ಮನ್‌ಗಳಿಗೆ ಕಲಿಕೆಯ ಗಂಟೆಗಳು ಕಡಿಮೆಯಾದವು. ಅದೇ ಒಪ್ಪಂದದ ಪ್ರಕಾರ ಹೊಸಬನ ಕರಾರು ನಾಲ್ಕು ವರ್ಷ, ಮೊದಲ ಸುತ್ತಿನವನಾದರೆ ಐದನೆಯ ವರ್ಷದ ಆಯ್ಕೆ ತಂಡದ ಕೈಯಲ್ಲಿ. ಎರಡು ವರ್ಷ ಕಲಿಕೆಗೇ ಹೋದರೆ ಉಳಿಯುವುದು ಎಷ್ಟು ಎಂಬ ಲೆಕ್ಕ ಪ್ರತಿ ತಂಡವನ್ನೂ ಕಾಡುತ್ತದೆ. ಇದರಿಂದಾಗಿಯೇ ತಂಡಗಳು ‘ಸಿದ್ಧ ಆಟಗಾರ’ನನ್ನು ಹುಡುಕುತ್ತವೆ; ಸಿದ್ಧತೆಗೆ ಪುರಾವೆಯಾಗಿ ಮತ್ತೆ ಅಳತೆಪಟ್ಟಿಯನ್ನೇ ಹಿಡಿಯುತ್ತವೆ.

ಅಳತೆ ನಿರುಪಯೋಗಿ ಎಂದಲ್ಲ. ಆರ್ಮ್‌ಸ್ಟೆಡ್ 2013ರ ಕಂಬೈನ್‌ನಲ್ಲಿ 40 ಗಜವನ್ನು 4.71 ಸೆಕೆಂಡ್‌ಗಳಲ್ಲಿ ಓಡದೇ ಇದ್ದಿದ್ದರೆ ಅರ್ಕಾನ್ಸಾದ ಸಣ್ಣ ಕಾಲೇಜಿನ ಆ ಹುಡುಗನ ದೃಶ್ಯಾವಳಿಯನ್ನು ಎಷ್ಟು ತಂಡಗಳು ತೆರೆದು ನೋಡುತ್ತಿದ್ದವೋ ಸಂಶಯ. ಅಳತೆ ಬಾಗಿಲು ತೆರೆಯಬಲ್ಲದು, ಯಾರನ್ನು ಇನ್ನೊಮ್ಮೆ ನೋಡಬೇಕೆಂದು ಸೂಚಿಸಬಲ್ಲದು. ಅದಕ್ಕೆ ತೀರ್ಪಿನ ಅಧಿಕಾರ ಕೊಟ್ಟಾಗಲೇ ಅನಾಹುತ. ಅದೇ ವರ್ಷ ಡಲ್ಲಾಸ್ ತಂಡ 31ನೆಯವರಾಗಿ ಆರಿಸಿದ ನಿಧಾನ ಓಟದ ಸೆಂಟರ್ ಟ್ರಾವಿಸ್ ಫ್ರೆಡರಿಕ್ ಆಯ್ಕೆಯನ್ನು ಹಲವರು ಟೀಕಿಸಿದ್ದರು. ಮೂರೇ ವರ್ಷಗಳಲ್ಲಿ ಅವರು ಲೀಗ್‌ನ ಶ್ರೇಷ್ಠ ಹನ್ನೊಂದರಲ್ಲಿ ಸ್ಥಾನ ಪಡೆದರು.

ಮುಂದಿನ ಡ್ರಾಫ್ಟ್ ಬಂದಾಗಲೂ ತೋಳಿನ ಉದ್ದ, ಓಟದ ವೇಗಗಳ ಪಟ್ಟಿ ಪ್ರಕಟವಾಗುತ್ತದೆ. ಅದರ ಮೇಲೆ ವಾದಗಳೂ ನಡೆಯುತ್ತವೆ. ಹುಡುಗನನ್ನು ಆರಿಸಿದ ತಂಡದಲ್ಲಿ ಅವನಿಗೆ ಯಾರು ಕಲಿಸುತ್ತಾರೆ, ಯಾರ ಪಕ್ಕದಲ್ಲಿ ನಿಲ್ಲಿಸುತ್ತಾರೆ, ಎಷ್ಟು ದಿನ ಕಾಯುತ್ತಾರೆ ಎಂಬ ಪಟ್ಟಿ ಮಾತ್ರ ಎಲ್ಲಿಯೂ ಪ್ರಕಟವಾಗುವುದಿಲ್ಲ. 2013ರ ತೀರ್ಪನ್ನು ಬದಲಿಸಿದ್ದರಲ್ಲಿ ಆ ಪ್ರಕಟವಾಗದ ಪಟ್ಟಿಯ ಪಾಲೂ ದೊಡ್ಡದು.