ಅಳಿಸಿದ ಮಾತ್ರಕ್ಕೆ ತೆರವಾಯಿತೆ?

ನನ್ನ ಅಣ್ಣನ ಮಗನು ಒಂದು ಸಹಕಾರ ಸಂಘದ ಕಂಪ್ಯೂಟರ್ ಲೆಕ್ಕಗಳನ್ನು ನೋಡಿಕೊಳ್ಳುವನು. ಲೆಕ್ಕದ ಕೋಷ್ಟಕದಿಂದ ಲಕ್ಷಾಂತರ ಹಳೆಯ ಸಾಲುಗಳನ್ನು ಅಳಿಸಿದರೂ ಡಿಸ್ಕಿನಲ್ಲಿ ಸ್ಥಳವು ಹೆಚ್ಚಲಿಲ್ಲ. ಇದೇಕೆ?

ಅಲ್ಲಿ ಬಳಸುವ ಪೋಸ್ಟ್‌ಗ್ರೆಸ್ ವ್ಯವಸ್ಥೆಯಲ್ಲಿ ಅಳಿಸಿದ ಸಾಲು ಒಡನೆಯೇ ನಾಶವಾಗದು. ಆಗ ಓದುತ್ತಿರುವ ಇತರರ ಸಲುವಾಗಿ ಉಳಿದಿರುವುದು. ತಿದ್ದಿದರೂ ಹಳೆಯ ಪ್ರತಿಯು ಮೃತವಾಗಿ ಅಲ್ಲಿಯೇ ಬಿದ್ದಿರುವುದು. ‘ವ್ಯಾಕ್ಯೂಮ್’ ಎಂಬ ಆಜ್ಞೆಯು ಆ ಸ್ಥಳವನ್ನು ಹೊಸ ಸಾಲುಗಳಿಗೆ ಒದಗಿಸುವುದೇ ಹೊರತು ಕಡತವನ್ನು ಸಾಮಾನ್ಯವಾಗಿ ಕಿರಿದುಮಾಡದು. ‘ವ್ಯಾಕ್ಯೂಮ್ ಫುಲ್’ ಕೋಷ್ಟಕವನ್ನೇ ಹೊಸದಾಗಿ ಬರೆದು ಕಿರಿದುಮಾಡುವುದು. ಆದರೆ ಅದು ಮುಗಿಯುವವರೆಗೆ ಕೋಷ್ಟಕವನ್ನು ಯಾರೂ ಓದಲಾಗದು. ಹೊಸ ಪ್ರತಿಗೆ ಬೇರೆ ಸ್ಥಳವೂ ಬೇಕು. ಹುಡುಗನು ನಡುಹಗಲಿನಲ್ಲಿ ಇದನ್ನೇ ನಡೆಸಿ, ಹಣಕ್ಕೆ ಬಂದ ಸದಸ್ಯರನ್ನು ಮೂರು ಗಂಟೆ ನಿಲ್ಲಿಸಿದನು.

‘ಪಿಜಿ ರಿಪ್ಯಾಕ್’ ಎಂಬ ಸಾಧನವು ವ್ಯವಹಾರ ನಡೆಯುತ್ತಿರುವಂತೆಯೇ ಹೊಸ ಪ್ರತಿಯನ್ನು ಸಿದ್ಧಪಡಿಸಿ, ಆದಿಯಲ್ಲಿಯೂ ಅಂತ್ಯದಲ್ಲಿಯೂ ಅಲ್ಪಕಾಲ ಮಾತ್ರ ತಡೆಯುವುದು. ಅದಕ್ಕೂ ಸ್ಥಳ ಬೇಕು. ಲೇಸಾದುದು ನಿತ್ಯಶುದ್ಧಿ. ತಾನಾಗಿ ನಡೆಯುವ ‘ಆಟೋವ್ಯಾಕ್ಯೂಮ್’, ನಾವು ಬೇರೆ ವಿಧಿಸದಿದ್ದರೆ, ನೂರಕ್ಕೆ ಸುಮಾರು 20 ಸಾಲು ಮೃತವಾದ ಮೇಲೆ ತೊಡಗುವುದು. 10 ಕೋಟಿ ಸಾಲಿನ ಕೋಷ್ಟಕದಲ್ಲಿ ಅದು 2 ಕೋಟಿ! ಆದುದರಿಂದ ದೊಡ್ಡ ಕೋಷ್ಟಕಕ್ಕೆ ಈ ಪ್ರಮಾಣವನ್ನು ತಗ್ಗಿಸತಕ್ಕದ್ದು. ದಿನವೂ ಗುಡಿಸುವ ಮನೆಯಲ್ಲಿ ಸಾಮಾನನ್ನೆಲ್ಲ ಬೀದಿಗಿಡುವ ಪ್ರಸಂಗ ಬಾರದು.