ರತ್ನಗಂಬಳಿಯ ಬೆನ್ನು ನೋಡಿ

ಕಾಶ್ಮೀರಕ್ಕೆ ಪ್ರವಾಸ ಹೋದವರನ್ನು ಶ್ರೀನಗರದ ಅಂಗಡಿಯವರು ಕೂರಿಸಿ, ಕಹ್ವಾ ಕುಡಿಸಿ, ಒಂದೊಂದೇ ರತ್ನಗಂಬಳಿಯನ್ನು ಬಿಡಿಸಿ ಹಾಸುತ್ತಾರೆ. ನಮ್ಮ ಕಣ್ಣೆಲ್ಲಾ ಹೂಬಳ್ಳಿಗಳ ಮೇಲೆ. ಸಹೋದರಿಯರೇ, ಬೆಲೆಯ ಗುಟ್ಟು ಇರುವುದು ಅದರ ಬೆನ್ನಿನಲ್ಲಿ.

ಒಂದು ಮೂಲೆಯನ್ನು ಮಗುಚಿ ನೋಡಿ. ಕೈಯಲ್ಲಿ ಗಂಟು ಹಾಕಿದ್ದಾದರೆ ಮುಂದಿನ ಚಿತ್ತಾರ ಹಿಂದೆಯೂ ಸ್ಪಷ್ಟವಾಗಿ ಕಾಣುತ್ತದೆ, ಗಂಟಿನ ಸಾಲುಗಳು ಅಲ್ಲಲ್ಲಿ ತುಸು ಓರೆಯಾಗಿರುತ್ತವೆ. ಹಿಂದೆ ಬಟ್ಟೆ ಅಂಟಿಸಿ ಮುಚ್ಚಿದ್ದರೆ ಅದು ಸಾಮಾನ್ಯವಾಗಿ ನೂಲು ಚುಚ್ಚಿ ಅಂಟು ಬಳಿದ ಅಗ್ಗದ ಮಾಲು. ಅಂಚಿನ ಕುಚ್ಚು ಹಾಸಿನದೇ ನೂಲಿನ ತುದಿಯಾಗಿರಬೇಕು. ಹೊಸ ಕಂಬಳಿಗೆ ಕುಚ್ಚನ್ನು ಹೊಲಿದು ಸೇರಿಸಿದ್ದರೆ ಅನುಮಾನಿಸಿ.

ಇನ್ನು ಗಂಟಿನ ಲೆಕ್ಕ. ಬೆನ್ನಿನ ಮೇಲೆ ಸ್ಕೇಲ್ ಇಟ್ಟು ಒಂದು ಇಂಚಿನಲ್ಲಿ ಅಡ್ಡಕ್ಕೆ ಎಷ್ಟು, ಉದ್ದಕ್ಕೆ ಎಷ್ಟು ಎಂದು ಎಣಿಸಿ ಗುಣಿಸಿ. 18ಕ್ಕೆ 18 ಎಂದರೆ ಚದರ ಇಂಚಿಗೆ 324. ಆರಡಿಗೆ ನಾಲ್ಕಡಿಯ ಕಂಬಳಿಯಲ್ಲಿ 11 ಲಕ್ಷಕ್ಕೂ ಮಿಕ್ಕಿ ಗಂಟು! 'ತಾಲೀಮ್' ಎಂಬ ಸಂಕೇತ ಲಿಪಿಯನ್ನು ಓದಿಕೊಂಡು ನೇಕಾರರು ಇದನ್ನು ಒಂದೊಂದಾಗಿ ಕಟ್ಟುತ್ತಾರೆ. ಇಂಥದ್ದನ್ನು ಯಾರಾದರೂ ಮೂರು ಕಾಸಿಗೆ ಕೊಡುತ್ತೇನೆಂದರೆ ಒಂದೋ ಮಾಲು ಸುಳ್ಳು, ಇಲ್ಲವೇ ನೇಕಾರನ ಹೊಟ್ಟೆಗೆ ಹೊಡೆದಿದ್ದಾರೆ. ಹಾಗೆಂದು ಗಂಟೇ ಸರ್ವಸ್ವವಲ್ಲ. ಬಲೂಚಿ ಉಣ್ಣೆ ಹಾಸುಗಳಲ್ಲಿ ಗಂಟು ಕಡಿಮೆ, ಆದರೆ ಹಳೆಯ ಒಳ್ಳೆಯ ಹಾಸಿಗೆ ಬೆಲೆಯಿದೆ.

ರೇಷ್ಮೆಯೆಂದು ಹೇಳಿದರೆ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಒಂದು ಎಳೆ ಸುಟ್ಟರೆ ರೇಷ್ಮೆ ಕೂದಲು ಸುಟ್ಟಂತೆ ನಾರುತ್ತದೆ, ಕೃತಕ ರೇಷ್ಮೆಯಾದ ವಿಸ್ಕೋಸ್ ಕಾಗದ ಸುಟ್ಟಂತೆ. ಶ್ರೀನಗರದ ಭಾರತೀಯ ಕಾರ್ಪೆಟ್ ತಂತ್ರಜ್ಞಾನ ಸಂಸ್ಥೆಯಲ್ಲಿ ಪರೀಕ್ಷಿಸಿದ ಕಂಬಳಿಗಳಿಗೆ ಕ್ಯೂಆರ್ ಕೋಡ್ ಇರುವ ಚೀಟಿ ಹಾಕುವುದು 2022ರಲ್ಲಿ ಶುರುವಾಯಿತು. ಅದನ್ನು ಕೇಳಿ ನೋಡಿ.

ಮನೆಯಲ್ಲಿ ಈಗಾಗಲೇ ಇರುವ ಹಳೆಯ ಕಂಬಳಿಯ ಮಾತೇ ಬೇರೆ. ತಂದೆಯ ಸೊತ್ತು ಪಾಲಾಗುವಾಗ ಜಾಗ, ಚಿನ್ನ ಎಲ್ಲ ಲೆಕ್ಕಕ್ಕೆ ಬರುತ್ತದೆ. ಕಂಬಳಿ ಮಾತ್ರ 'ಹಳೇದು, ಬಿಡಿ' ಎಂದು ಯಾರದೋ ಮನೆ ಸೇರುತ್ತದೆ. ಅದರಲ್ಲೂ ಹೆಣ್ಣುಮಕ್ಕಳ ಪಾಲಿದೆ. ಬೆಲೆ ಕಟ್ಟಿಸಿ. ಆದರೆ ಬೆಲೆ ಹೇಳಿದವರೇ 'ನಾನೇ ಕೊಳ್ಳುತ್ತೇನೆ' ಎಂದರೆ ಆ ಬೆಲೆಯನ್ನು ನಂಬಬೇಡಿ. ಕಂಬಳಿಯ ಬೆಲೆಗೆ ಇಷ್ಟು ಶೇಕಡಾ ಎಂದು ಕೂಲಿ ಕೇಳುವವರೂ ಬೇಡ, ನಿಗದಿತ ಶುಲ್ಕದವರು ಸಾಕು. ಅಳತೆ, ನೂಲು, ಗಂಟು, ಹುಳ ತಿಂದ ಜಾಗ, ರಿಪೇರಿ ಎಲ್ಲವನ್ನೂ ಬರೆದು ಕೊಡಲಿ. ವಿಮೆಗೆಂದು ಕಟ್ಟುವ ಬೆಲೆ ಸಾಮಾನ್ಯವಾಗಿ ಮಾರಿದರೆ ಕೈಗೆ ಬರುವ ಹಣಕ್ಕಿಂತ ಹೆಚ್ಚಿರುತ್ತದೆ. ಪಾಲಿನ ಲೆಕ್ಕಕ್ಕೆ ಮಾರಾಟದ ಬೆಲೆಯನ್ನೇ ಕೇಳಿ.